ಹಿಂದಿನಿಂದ ಕಂಡ ಗಾಡಿ

ನನ್ನ ಎರಡು ಅಂಗೈಗಳ ಗುರುತು ಒಂದು ಪಿಕಪ್ ಗಾಡಿಯ ಹಿಂಬಾಗಿಲಿನ ಮೇಲಿದೆ ಎಂದರೆ ನೀವು ನಗಬಹುದು. ನಕ್ಕುಬಿಡಿ, ಆಮೇಲೆ ಮಾತಾಡೋಣ. ಹುಮನಾಬಾದಿನ ನಮ್ಮ ಓಣಿಯ ಕಾಶಿನಾಥನ ಆ ಬಿಳಿ ವಾಹನದಲ್ಲಿ ಬಣ್ಣ ಸವೆದು ತಗಡು ಇಣುಕುವ ಎರಡು ಜಾಗಗಳು ನನ್ನವು. ಪಕ್ಕದ ಎರಡು ಕಿರಾಣಿ ಅಂಗಡಿಯ ಸಂಗಪ್ಪನವು.

ಆ ಗಾಡಿಯ ಸ್ಟಾರ್ಟರ್ ಕೆಟ್ಟು ಎಷ್ಟೋ ವರ್ಷಗಳಾಗಿದ್ದವು. ನಮ್ಮ ಓಣಿಯೋ, ನನ್ನ ಜೀವನಚರಿತ್ರೆಯ ಹಾಗೆ, ಏರಿಳಿತವೇ ಇಲ್ಲದ ಸಪಾಟು ನೆಲ. ಇಳಿಜಾರಿನ ಉಪಕಾರವೂ ಇಲ್ಲ. ಆದ್ದರಿಂದ ಬೆಳಗಿನ ಆರು ಗಂಟೆಗೆ ಕಾಶಿನಾಥ ಹಾರ್ನ್ ಒತ್ತುವುದು, ನಾವು ನಾಲ್ಕೈದು ಗಂಡಸರು ಬಾಯಲ್ಲಿ ಪೇಸ್ಟಿನ ನೊರೆಯ ಸಮೇತ ಬಂದು ನೂಕುವುದು, ಅದು ಕೆಮ್ಮಿ ಕ್ಯಾಕರಿಸಿ ನಮ್ಮೆಲ್ಲರ ಮುಖಕ್ಕೆ ಕರಿಹೊಗೆಯ ಆಶೀರ್ವಾದ ಮಾಡಿ ತರಕಾರಿ ತರಲು ನಿರ್ಣಾ ಊರಿನ ಕಡೆ ಹೊರಡುವುದು, ಇದು ನಮ್ಮ ಸಾಮೂಹಿಕ ಪ್ರಾತಃಕರ್ಮವಾಗಿತ್ತು. ನಿವೃತ್ತ ಕನ್ನಡ ಮಾಸ್ತರನಾದ ನಾನು ಮೂವತ್ತು ವರ್ಷ ಮಕ್ಕಳನ್ನು ಮುಂದಿನ ತರಗತಿಗೆ ನೂಕಿದವನು, ಅಭ್ಯಾಸಬಲವಿತ್ತು.

ಕಳೆದ ವರ್ಷ ಎಂಜಿನ್ನೇ ಕೈಕೊಟ್ಟಿತು. ಗುಜರಿಯವನು ಬಂದು ಗಾಡಿಗೊಂದು ಪ್ರದಕ್ಷಿಣೆ ಹಾಕಿ ಹೋದ. ಗಾಡಿ ಹೋದರೆ ಕಾಶಿನಾಥ ಮತ್ತೆ ಯಾರದೋ ಲಾರಿಗೆ ಡ್ರೈವರನಾಗಬೇಕು. ಹಿಂದೊಮ್ಮೆ ಹಾಗೆ ತಿಂಗಳುಗಟ್ಟಲೆ ದೂರದ ಹೆದ್ದಾರಿಗಳಲ್ಲಿದ್ದು ಮನೆಗೆ ಬಂದಾಗ, ಪುಟ್ಟ ಮಗಳು ಯಾರೋ ಅಪರಿಚಿತರು ಬಂದರೆಂದು ತಾಯಿಯ ಸೆರಗಿನಲ್ಲಿ ಅಡಗಿಕೊಂಡಿದ್ದಳಂತೆ. ಅದನ್ನು ಹೇಳುವಾಗ ಅವನು ನಮ್ಮ ಮುಖ ನೋಡುವುದಿಲ್ಲ. “ಏನರೆ ಆಗ್ಲಿ, ಲಾರಿ ಮಾತ್ರ ಬ್ಯಾಡ್ರಿ ಸರ್” ಎನ್ನುತ್ತಿದ್ದ. ಕೇಳಿದಾಗಲೆಲ್ಲ ನನಗೆ ಕನಿಕರ. ಆದರೆ ಕನಿಕರದಿಂದ ಗಾಡಿ ಓಡುವುದಿಲ್ಲವಲ್ಲ.

ಓಡಿಸಿಕೊಡುತ್ತೇನೆಂದವನು ಬಸವಕಲ್ಯಾಣದ ಖಾಜಾಮಿಯಾ. ಲಾರಿ ದುರಸ್ತಿಯ ಅಂಗಡಿಗಳ ಸಾಲಿನಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಕುಶಲಿ. ಎಂಜಿನ್ ಇಳಿಸಿ, ಯಾವುದೋ ಗೋದಾಮಿನಲ್ಲಿ ಭಾರ ಎತ್ತಿ ಎತ್ತಿ ನಿವೃತ್ತವಾದ ಯಂತ್ರದ ಮೋಟಾರನ್ನು ಹಳೆಯ ಗೇರಿಗೇ ಜೋಡಿಸಿದ. ಮುರಿದ ಬ್ಯಾಟರಿ ಆಟೋಗಳಿಂದ ಬ್ಯಾಟರಿಗಳನ್ನು ಬಿಚ್ಚಿ, ಒಂದೊಂದನ್ನೂ ಪರೀಕ್ಷಿಸಿ ಆರಿಸಿದ. “ಸತ್ತಾವಂತ ಒಗದಾರ್ರಿ ಮಂದಿ. ಇವುಕ್ಕ ಇನ್ನಾ ಜಾನ್ ಅದ” ಎಂದ. ಪಿಂಚಣಿದಾರನಾದ ನನಗೆ ಆ ಮಾತು ತಾಗಬೇಕಾದಲ್ಲಿ ತಾಗಿತು. ಗಾಡಿಗಿಂತ ಮೊದಲು ಅದರ ಕಾಗದಪತ್ರಗಳೇ ಕಚೇರಿಯಿಂದ ಕಚೇರಿಗೆ ಓಡಿದವು, ಅದು ಬೇರೆ ಪುರಾಣ.

ಅಂತೂ ಗಾಡಿ ಡೀಸೆಲ್ ಬಿಟ್ಟು ಬ್ಯಾಟರಿ ಗಾಡಿಯಾಗಿ ಓಣಿಗೆ ಮರಳಿತು. ಮರುದಿನ ಆರಕ್ಕೆ ಸರಿಯಾಗಿ ಹಾರ್ನ್. ಅದು ನಮ್ಮನ್ನು ಕರೆದದ್ದು ನೋಡುವುದಕ್ಕೆ, ನೂಕುವುದಕ್ಕಲ್ಲ. ನಮ್ಮ ಕೈಗಳಿಗೆ ತಿಳಿಯಬೇಕಲ್ಲ! ಎಲ್ಲರೂ ಓಡಿಹೋಗಿ ಅವರವರ ಜಾಗದಲ್ಲಿ ಅಂಗೈಯಿಟ್ಟು, ಉಸಿರು ಬಿಗಿಹಿಡಿದು ನೂಕಿದೆವು. ಅದೇ ಕ್ಷಣಕ್ಕೆ ಗಾಡಿ ಒಂದು ಸದ್ದೂ ಮಾಡದೆ ಮುಂದೆ ಹೋಗಿಬಿಟ್ಟಿತು. ಸಂಗಪ್ಪ ಎರಡು ಹೆಜ್ಜೆ ಮುಗ್ಗರಿಸಿ ನಿಂತ; ನಾನು ಓಣಿಗೆ ಸಾಷ್ಟಾಂಗ ನಮಸ್ಕಾರ ಹಾಕಿದೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಮಂಡಿಯ ಧೂಳು ಕೊಡವುವಾಗ ಮನಸ್ಸು ಸಣ್ಣಗಾಯಿತು. ನಾಳೆಯಿಂದ ಆರು ಗಂಟೆಗೆ ನನ್ನಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ.

ಕಾಶಿನಾಥ ಗಾಡಿ ಹಿಂದಕ್ಕೆ ತಂದು ಬಾಗಿಲು ತೆರೆದ. “ಪೆಟ್ಟಾತೇನ್ರಿ ಸರ್? ಹತ್ರಿ ಮ್ಯಾಲ. ಇಷ್ಟ್ ವರ್ಸ ದಬ್ಬೀರಿ, ಒಂದಿನಾನೂ ಒಳಗ ಕುಂತಿಲ್ಲ ನೀವು.”

ನಿಜವೇ. ಅದರ ಬೆನ್ನಿನ ಒಂದೊಂದು ತಗ್ಗೂ ನನಗೆ ಬಾಯಿಪಾಠ. ಮುಂಗಾಜಿನೊಳಗಿಂದ ನಮ್ಮೂರು ಹೇಗೆ ಕಾಣುತ್ತದೆಂದು ಕಂಡದ್ದು ಅಂದೇ.

ನಿರ್ಣಾದಲ್ಲಿ ಬದನೆ, ಮೆಂತೆ, ಟೊಮ್ಯಾಟೊ ಹೇರಿದರು. ಖಾಲಿ ಗಾಡಿ ಓಡುವುದು ದೊಡ್ಡ ಮಾತಲ್ಲ. ಮರಳುವ ದಾರಿಯಲ್ಲೊಂದು ಉದ್ದನೆಯ ಏರಿದೆ, ಪರೀಕ್ಷೆ ಇದ್ದದ್ದು ಅಲ್ಲಿ. ಏರಿನ ಬುಡದಲ್ಲಿ ಕಾಶಿನಾಥ ಗಾಡಿ ನಿಲ್ಲಿಸಿ ಸ್ಟೀರಿಂಗಿಗೆ ಹಣೆ ಮುಟ್ಟಿಸಿದ. “ಇದು ಏರಿದ್ರ ನಾ ಮನ್ಯಾಗ ಇರ್ತೀನ್ರಿ ಸರ್. ಇಲ್ಲಂದ್ರ ಲಾರೀನೇ.”

ಗಾಡಿ ಏರತೊಡಗಿತು. ಅರ್ಧ ದಾರಿಯಲ್ಲಿ ವೇಗ ಇಳಿಯಿತು, ಇನ್ನೂ ಇಳಿಯಿತು. ಹಳೆಯ ಎಂಜಿನ್ನಾದರೆ ನರಳಿ ತನ್ನ ಕಷ್ಟ ಹೇಳಿಕೊಳ್ಳುತ್ತಿತ್ತು. ಈ ಮೌನಿಯ ಅಂತರಂಗ ತಿಳಿಯುವ ಬಗೆಯೇ ಇಲ್ಲ. ಹಿಂದೆ ಟೊಮ್ಯಾಟೊ ಕ್ರೇಟುಗಳ ಕಿರುಗುಟ್ಟುವಿಕೆ, ಪಕ್ಕದಲ್ಲಿ ಕಾಶಿನಾಥನ ಉಸಿರು, ಅಷ್ಟೇ. ನಾನು ಕಣ್ಣು ಮುಚ್ಚಿದೆ.

“ಸರ್, ಕೈ ತಗೀರಿ. ಅದೇ ಏರಾಕತ್ತದ.”

ಕಣ್ಣು ಬಿಟ್ಟರೆ, ನನ್ನ ಎರಡು ಅಂಗೈಗಳೂ ಡ್ಯಾಶ್‌ಬೋರ್ಡಿನ ಮೇಲೆ ಊರಿವೆ; ಕಾಲುಗಳು ನೆಲ ಒದೆಯುತ್ತಿವೆ; ನಾನು ಕೂತಲ್ಲಿಂದಲೇ ಸರ್ವಶಕ್ತಿಯಿಂದ ಗಾಡಿಯನ್ನು ನೂಕುತ್ತಿದ್ದೇನೆ! ಅಷ್ಟರಲ್ಲಿ ಏರು ಮುಗಿದು ಎದುರಿಗೆ ಹುಮನಾಬಾದಿನ ದಾರಿ ಸಪಾಟಾಗಿ ಬಿದ್ದಿತ್ತು.

ಕಾಶಿನಾಥ ಗಾಡಿ ಬದಿಗೆ ನಿಲ್ಲಿಸಿ ಮನೆಗೆ ಫೋನ್ ಹಚ್ಚಿದ. “ಏಳ್ವಾ, ಸಾಲಿಗಿ ತಯಾರಾಗು. ಅಪ್ಪ ಬರಾಕತ್ತಾನ. ಇನ್ನ ಎಲ್ಲೂ ಹೋಗಂಗಿಲ್ಲ.” ಈ ಸಲವೂ ಅವನು ನನ್ನ ಮುಖ ನೋಡಲಿಲ್ಲ. ನಾನೂ ಅವನದನ್ನು ನೋಡಲಿಲ್ಲ, ನನ್ನ ಕಣ್ಣೇ ತುಂಬಿತ್ತು.

ಬರುವ ತಿಂಗಳು ಹಿಂಬಾಗಿಲಿಗೆ ಹೊಸ ಬಣ್ಣ ಹೊಡೆಸುತ್ತಾನಂತೆ. ನನ್ನ ಗುರುತುಗಳು ಅಳಿಸಿಹೋಗುತ್ತವೆ. ಹೋಗಲಿ. ಡ್ಯಾಶ್‌ಬೋರ್ಡಿನ ಧೂಳಿನಲ್ಲಿ ಎರಡು ಅಂಗೈಗಳು ಮೂಡಿವೆ. ದಿನಾ ಗಾಡಿ ತೊಳೆಯುವ ಕಾಶಿನಾಥ ಅವನ್ನಿನ್ನೂ ಒರೆಸಿಲ್ಲ.