ನಾಳೆ ಬಾ ಎಂದರೆ ಹೋಗುವವಳು

ನಾನು ಚಿಕ್ಕವಳಿದ್ದಾಗ ಬೆಂಗಳೂರಿನ ನಮ್ಮ ಬೀದಿಯಲ್ಲಿ ಮನೆಮನೆಯ ಬಾಗಿಲ ಮೇಲೂ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ಊರಿಗೆ ಒಂದು ಹೆಣ್ಣು ದೆವ್ವ ಬಂದಿದೆ, ಮನೆಯವರದೇ ದನಿಯಲ್ಲಿ ಕರೆದು ಬಾಗಿಲು ತಟ್ಟುತ್ತದೆ, ತೆರೆದವರು ರಕ್ತ ಕಾರಿ ಸಾಯುತ್ತಾರೆ ಎಂದು ಸುದ್ದಿ. ಆ ಎರಡು ಪದ ಬರೆದಿದ್ದರೆ ಮಾತ್ರ ಅವಳು ಓದಿ ಹೊರಟುಹೋಗುತ್ತಾಳೆ. ಮರುದಿನ ಬಂದು ಮತ್ತೆ ಓದುತ್ತಾಳೆ, ಮತ್ತೆ ಹೋಗುತ್ತಾಳೆ.

“ದೆವ್ವ ಯಾಕಜ್ಜಿ ಅಷ್ಟಕ್ಕೇ ಹೋಗ್ಬಿಡತ್ತೆ?” ಎಂದು ಅಜ್ಜಿಯನ್ನು ಕೇಳಿದ್ದೆ.

“ಹೆಣ್ಣಲ್ವೇನೇ, ಹೇಳಿದ್ ಮಾತು ಕೇಳ್ತಾಳೆ,” ಅಂದಿದ್ದರು ಅಜ್ಜಿ, ಹುರುಳಿಕಾಯಿಯ ನಾರು ತೆಗೆಯುತ್ತಾ.

ಅಜ್ಜಿಯ ಕಥೆಗಳಲ್ಲಿ ಗಂಡು ದೆವ್ವಗಳ ಗತ್ತೇ ಬೇರೆ. ಒಬ್ಬ ಬ್ರಹ್ಮರಾಕ್ಷಸನನ್ನು ಓಡಿಸಲು ಹೋಮ ಬೇಕು, ಮಂತ್ರವಾದಿ ಬೇಕು, ಏಳು ಸಮುದ್ರ ದಾಟುವ ರಾಜಕುಮಾರ ಬೇಕು. ರಾಜಕುಮಾರಿ ಅಷ್ಟು ದಿನವೂ ಉಪ್ಪರಿಗೆಯಲ್ಲಿ ತಲೆ ಬಾಚಿಕೊಂಡು ಕೂತಿರುತ್ತಾಳೆ. ಹೆಣ್ಣು ದೆವ್ವಕ್ಕೆ ಮಾತ್ರ ಒಂದು ಚೂರು ಸೀಮೆಸುಣ್ಣ ಸಾಕು. ಸತ್ತ ಮೇಲೂ ಅವಳು ಒಳ್ಳೆ ಮನೆತನದ ಹುಡುಗಿ. ಈಗ ನೆನೆದರೆ ನಗುವೂ ಬರುತ್ತದೆ, ಮೈಯೂ ಜುಂ ಎನ್ನುತ್ತದೆ.

ಮದುವೆಯಾಗಿ ಮಿಶಿಗನ್ನಿನ ಕ್ಯಾಂಟನ್ನಿಗೆ ಬಂದೆ. ಗಂಡ ಕಾರು ಕಂಪನಿಯಲ್ಲಿ ಇಂಜಿನಿಯರ್. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ, ಡ್ರೈವಿಂಗ್ ಇನ್ನೂ ಬರುತ್ತಿರಲಿಲ್ಲ. ಶನಿವಾರ ಯಾರಾದರೊಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಕನ್ನಡ ಸಿನಿಮಾ. ಗಂಡಸರು ಸೋಫಾದಲ್ಲಿ, ಹೆಂಗಸರು ತಟ್ಟೆ ಹಿಡಿದು ಮೆಟ್ಟಿಲ ಮೇಲೆ. ಹೀರೊ ಹುಡುಗಿಯ ಹಿಂದೆ ಬೀಳುತ್ತಾನೆ, ಬೇಡವೆಂದರೆ ಕೆನ್ನೆಗೆ ಬಾರಿಸುತ್ತಾನೆ, ಮುಂದಿನ ಹಾಡಿನಲ್ಲಿ ಅವಳು ಸೀರೆಯುಟ್ಟು ತಲೆ ತಗ್ಗಿಸಿ ನಿಂತಿರುತ್ತಾಳೆ. ಹೆಣ್ಣು ಗಟ್ಟಿಯಾಗಿ ಕೂಗಬೇಕಾದರೆ ಅವಳ ಮೈಮೇಲೆ ದೆವ್ವ ಬರಬೇಕು. ಆಗ ಕೂದಲು ಬಿಚ್ಚಿ, ಕಣ್ಣು ಕೆಂಪಗೆ ಮಾಡಿ, ಅನ್ಯಾಯ ಮಾಡಿದವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಾಳೆ. ಗಂಡಸರು ಶಿಳ್ಳೆ ಹಾಕುತ್ತಾರೆ. ಕೊನೆಗೆ ಒಬ್ಬ ಸ್ವಾಮಿ ನಿಂಬೆಹಣ್ಣು ಕತ್ತರಿಸಿ ದೆವ್ವ ಬಿಡಿಸುತ್ತಾನೆ. ಹುಡುಗಿ ಎಚ್ಚೆತ್ತು, ನನಗೇನಾಗಿತ್ತು ಎಂದು ಕೇಳಿ, ಕಾಫಿ ಮಾಡಲು ಒಳಗೆ ಹೋಗುತ್ತಾಳೆ.

ಅಕ್ಟೋಬರ್ ಕೊನೆಯ ಅಂಥದೊಂದು ಶನಿವಾರ ನನ್ನ ಬಾಯಿಂದ ಮಾತು ಜಾರಿತು. “ಬದುಕಿದ್ದಾಗ್ಲೇ ಒಂದ್ಸಲ ಹೀಗ್ ಕೂಗಿದ್ರೆ ಸಾಯೋದಾದ್ರೂ ತಪ್ತಿತ್ತು, ಪಾಪ.” ಎಲ್ಲರೂ ನಕ್ಕರು. ನನ್ನ ಗಂಡ ನಗಲಿಲ್ಲ.

ನನಗೆ ಹೆದರಿಕೆಯಾಯಿತು. ಅವನು ಕೈ ಎತ್ತುವವನಲ್ಲ. ಸಿಟ್ಟು ಬಂದರೆ ನನ್ನನ್ನು ಹೊರಗೆ ಹಾಕಿ ಬಾಗಿಲು ಲಾಕ್ ಮಾಡುತ್ತಿದ್ದ, ಹಟ ಮಾಡುವ ಮಗುವನ್ನು ಹಾಕುವ ಹಾಗೆ. ಬೇಸಿಗೆಯಲ್ಲಿ ಗರಾಜಿನ ಮುಂದೆ ನಿಂತು, ಪಕ್ಕದ ಮನೆಯವರು ಕಂಡರೆ ಗಿಡ ನೋಡುತ್ತಿರುವಂತೆ ನಟಿಸಿದ್ದೆ. ಅವನಿಗೆ ಮನಸ್ಸಾದಾಗ ತೆರೆಯುತ್ತಿದ್ದ. ನಾನು ಸಾರಿ ಎಂದು ಒಳಗೆ ಹೋಗಿ ಅಡುಗೆ ಮಾಡುತ್ತಿದ್ದೆ.

ಮಕ್ಕಳು ವೇಷ ಹಾಕಿ ಮನೆಮನೆಗೆ ಕ್ಯಾಂಡಿ ಕೇಳಲು ಬರುವ ಹಾಲೋವೀನ್ ಸಂಜೆ ಅವನು ಶನಿವಾರದ ಮಾತು ಎತ್ತಿದ. “ಎಲ್ಲರ ಮುಂದೆ ನನ್ ಮರ್ಯಾದೆ ತೆಗೆದ್ಯಲ್ಲ. ನಾನೇನ್ ಮಾಡಿದೀನಿ ನಿಂಗೆ?”

ನಾನು ಆಗತಾನೆ ತಲೆಗೆ ಸ್ನಾನ ಮಾಡಿ ಬಂದಿದ್ದೆ. ಬಿಳಿ ನೈಟಿ, ಬಿಚ್ಚಿದ ಒದ್ದೆ ಕೂದಲು. “ಏನೂ ಮಾಡಿಲ್ಲ. ಬಾಗ್ಲು ಹಾಕ್ತೀರ, ಅಷ್ಟೆ,” ಅಂದೆ.

ರಟ್ಟೆ ಹಿಡಿದು ಹೊರಗೆ ದಬ್ಬಿದ. ಲಾಕ್ ಬಿದ್ದ ಸದ್ದಾಯಿತು. ಆಮೇಲೆ ಬಾಗಿಲ ಮುಂದಿನ ದೀಪವೂ ಆರಿತು. ಹಾಲೋವೀನ್ ಸಂಜೆ ಆ ದೀಪ ಆರಿದ್ದರೆ ಇಲ್ಲಿ ಕ್ಯಾಂಡಿ ಇಲ್ಲ, ಯಾರೂ ಬರಬೇಡಿ ಎಂದು ಅರ್ಥ. ಹೊರಗೆ ಫ್ಯಾರನ್‌ಹೀಟ್ ಲೆಕ್ಕದಲ್ಲಿ ನಲವತ್ತು ಡಿಗ್ರಿಯೂ ಇದ್ದಿರಲಾರದು, ಕೊರೆಯುವ ಚಳಿ. ಕಾಲಲ್ಲಿ ಚಪ್ಪಲಿ ಇಲ್ಲ, ಫೋನ್ ಒಳಗೆ.

ಬೀದಿ ತುಂಬ ಮಕ್ಕಳು. ಹುಡುಗರ ಕೈಯಲ್ಲಿ ಪ್ಲಾಸ್ಟಿಕ್ ಕತ್ತಿ, ಹುಡುಗಿಯರ ತಲೆಯ ಮೇಲೆ ಕಿರೀಟ, ಅಮ್ಮಂದಿರ ಬಲವಂತಕ್ಕೆ ರಾಜಕುಮಾರಿಯ ಗೌನಿನ ಮೇಲೆ ದಪ್ಪ ಜಾಕೆಟ್. ಯಾರೋ ಅಪ್ಪ ನನ್ನ ಕಡೆ ಹೆಬ್ಬೆರಳೆತ್ತಿ “ಗ್ರೇಟ್ ಕಾಸ್ಟ್ಯೂಮ್” ಅಂದ. ನಾನು “ಥ್ಯಾಂಕ್ ಯೂ” ಅಂದೆ. ಹಾಗೆ ಅಂದದ್ದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಒಬ್ಬ ಹೆಂಗಸು ಕೂದಲು ಬಿಚ್ಚಿಕೊಂಡು ಬರಿಗಾಲಲ್ಲಿ ನಡುಗುತ್ತಾ ಹೋದರೆ ಅದು ಅವರಿಗೆ ವೇಷವಾಗಿಯೇ ಕಂಡಿತು. ಅವರೂ ಸಿನಿಮಾ ನೋಡಿದವರೇ ತಾನೆ.

ಹಿಂದಿನ ಬೀದಿಯಲ್ಲಿ ಮೈಸೂರಿನ ಆಂಟಿಯೊಬ್ಬರ ಮನೆ ಇತ್ತು. ಗಣೇಶನ ಹಬ್ಬಕ್ಕೆ ಒಮ್ಮೆ ಹೋಗಿದ್ದಾಗ “ಏನಾದ್ರೂ ಬೇಕಾದ್ರೆ ಬಾಮ್ಮ, ಸಂಕೋಚ ಬೇಡ” ಅಂದಿದ್ದರು. ಆ ಮಾತನ್ನೇ ನಂಬಿಕೊಂಡು ನಡೆದೆ. ಅವರ ಮೆಟ್ಟಿಲ ಮೇಲೆ ಕುಂಬಳಕಾಯಿಗಳ ನಡುವೆ ದೀಪ ಉರಿಯುತ್ತಿತ್ತು. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ, ದುಂಡಗಿನ ಕನ್ನಡ ಅಕ್ಷರಗಳಲ್ಲಿ ‘ನಾಳೆ ಬಾ’ ಎಂದು ಬರೆದಿತ್ತು.

ಮೊಮ್ಮಕ್ಕಳಿಗೆ ನಮ್ಮೂರ ದೆವ್ವದ ಕಥೆ ಹೇಳಿ ಬರೆದದ್ದಂತೆ, ಆಮೇಲೆ ತಿಳಿಯಿತು. ಆ ಸಂಜೆ ಬೀದಿಯಲ್ಲಿದ್ದ ಅಷ್ಟೂ ಜನರಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ತಮಾಷೆಗೆ ಬರೆದದ್ದೆಂದು ನನಗೆ ಹೊಳೆಯದೆ ಇರಲಿಲ್ಲ. ಆದರೂ ಕಾಲು ನಿಂತವು. ಮನೆ ತುಂಬ ಮಕ್ಕಳಿರುತ್ತಾರೆ, ಹಬ್ಬದ ಹೊತ್ತು, ಇವತ್ತು ಬೇಡ, ನಾಳೆ ಬಂದರಾಯಿತು ಅನ್ನಿಸಿತು. ಓದಿದೆ, ತಿರುಗಿದೆ, ಹೊರಟೆ.

ಬೀದಿಯ ತಿರುವಿನಲ್ಲಿ ನಮ್ಮ ಮನೆ ಕಂಡಿತು. ದೀಪವಿಲ್ಲ, ಕಿಟಕಿಯಲ್ಲಿ ಟೀವಿಯ ಬೆಳಕು ಮಾತ್ರ. ಇನ್ನೇನು ಅವನು ತೆರೆಯುತ್ತಾನೆ, ನಾನು ಸಾರಿ ಅನ್ನುತ್ತೇನೆ. ಆಗ ಅಜ್ಜಿಯ ದನಿ ಕಿವಿಯ ಪಕ್ಕದಲ್ಲೇ ಕೇಳಿತು: ಹೆಣ್ಣಲ್ವೇನೇ. ಆ ದೆವ್ವವೂ ದಿನಾ ಹೀಗೇ ಓದಿ ಹಿಂದಿರುಗುತ್ತಿತ್ತಲ್ಲ, ಎಲ್ಲಿಗೆ ಹೋಗುತ್ತಿತ್ತು? ಇಡೀ ಬೀದಿಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಹಿಂದೆ ತಿರುಗಿ ನೋಡಿದೆ. ಜಾಕೆಟ್ ತೊಟ್ಟ ರಾಜಕುಮಾರಿಯೊಬ್ಬಳು ಆಂಟಿಯ ಮನೆಯ ಮೆಟ್ಟಿಲು ಹತ್ತಿ ಆ ಅಕ್ಷರಗಳ ಮೇಲೇ ಗುದ್ದುತ್ತಿದ್ದಳು. ಅವಳಿಗೆ ಕನ್ನಡ ಬಾರದು. ಬಾಗಿಲು ತೆರೆಯಿತು. ನಾನು ಓಡಿದೆ.

ಆಂಟಿ ಹುಡುಗಿಯ ಚೀಲಕ್ಕೆ ಚಾಕೊಲೇಟ್ ಹಾಕಿ ಕಳಿಸಿ, ನನ್ನನ್ನು ನೋಡಿ ನಕ್ಕರು. “ಅಯ್ಯೋ ನೀನಾ, ಒಳ್ಳೇ ಮೋಹಿನಿ ವೇಷ ಹಾಕಿದೀಯಲ್ಲಮ್ಮ. ಎಲ್ಲಿ, ಪಾದ ತೋರ್ಸು.” ಹೆಣ್ಣು ದೆವ್ವದ ಪಾದ ಹಿಂದುಮುಂದಾಗಿರುತ್ತದೆ, ನಮ್ಮ ಕಡೆ ಗುರುತಿಸುವುದೇ ಹಾಗೆ. ಬಗ್ಗಿ ನೋಡಿದರು. ಪಾದಗಳು ನೆಟ್ಟಗೇ ಇದ್ದವು. ಚಳಿಗೆ ನೀಲಿಗಟ್ಟಿದ್ದವು, ಒಂದು ಬೆರಳಿನಿಂದ ರಕ್ತ ಬರುತ್ತಿತ್ತು. ಅವರ ನಗು ನಿಂತಿತು.

“ಯಾರಮ್ಮ ಆಚೆ ಹಾಕಿದ್ದು?” ಅಂದರು. “ಒಳಗ್ ಬಾ ಮೊದ್ಲು.”

ಅಂಕಲ್ ಕೊಟ್ಟ ಉಣ್ಣೆಯ ಸಾಕ್ಸ್ ಹಾಕಿಕೊಂಡು ಕೂತಿದ್ದಾಗ ನನ್ನ ಗಂಡ ಹುಡುಕಿಕೊಂಡು ಬಂದು ಬಾಗಿಲು ತಟ್ಟಿದ. ಮೆತ್ತನೆಯ ದನಿ, ಮನೆಯವರ ದನಿ. ನನ್ನ ಹೆಸರು ಹಿಡಿದು “ಬಾ, ಊಟ ಮಾಡೋಣ” ಅಂದ. ಆ ದನಿಗೆ ನಾನು ಎದ್ದೇಬಿಟ್ಟಿದ್ದೆ. ಆಂಟಿ ನನ್ನ ಭುಜ ಹಿಡಿದು ಕೂರಿಸಿ, ಬಾಗಿಲು ತೆರೆಯದೆಯೇ “ನಾಳೆ ಬಾಪ್ಪ” ಅಂದರು.

ಬಂದದ್ದು ಹೆಣ್ಣು ದೆವ್ವವಲ್ಲವಲ್ಲ, ಹೋಗಲಿಲ್ಲ. ಅಂಕಲ್ ಪೊಲೀಸರಿಗೆ ಫೋನ್ ಮಾಡುತ್ತೇನೆ ಎನ್ನುವವರೆಗೆ ತಟ್ಟುತ್ತಲೇ ಇದ್ದ. ಅವನು ಹೋದ ಮೇಲೆ ಆಂಟಿ ಒದ್ದೆ ಬಟ್ಟೆ ಹಿಡಿದು ಬಾಗಿಲು ಒರೆಸಿ ಬಂದರು.

ಈಗ ನಾನು ಇಲಿನಾಯ್ಸ್‌ನ ಬೋಲಿಂಗ್‌ಬ್ರೂಕಿನಲ್ಲಿದ್ದೇನೆ. ಕೆಲಸ ನನ್ನದು, ಬೀಗದ ಕೈಯೂ ನನ್ನದು. ಆದರೆ ಆ ತಿರುವಿನಿಂದ ನಾನು ಪೂರ್ತಿಯಾಗಿ ಓಡಿ ಬರಲಿಲ್ಲ ಅನ್ನಿಸುತ್ತದೆ. ನನ್ನೊಳಗಿನ ಒಬ್ಬಳು ಬರೆದದ್ದನ್ನು ಓದಿ, ಮಾತು ಕೇಳಿ, ದೀಪ ಆರಿದ ಮನೆಗೆ ನಡೆದೇ ಹೋದಳು. ಸಾರಿ ಅಂದಳು, ಅಡುಗೆ ಮಾಡಿದಳು. ಇನ್ನೂ ಅಲ್ಲೇ ಇದ್ದಾಳೆ.

ಹಾಲೋವೀನ್ ಸಂಜೆ ದೀಪ ಹಾಕಿ ಬಾಗಿಲ ಹತ್ತಿರವೇ ಕೂತಿರುತ್ತೇನೆ. ತಟ್ಟಿದ ಕೂಡಲೇ ತೆರೆಯುತ್ತೇನೆ. ಮಕ್ಕಳು ತಮ್ಮ ಕಿರೀಟ, ಕತ್ತಿ ತೋರಿಸಲು ಕಾಯುತ್ತಿರುತ್ತಾರೆ. ನಾನು ಅವರ ಹಿಂದಿನ ಕತ್ತಲಲ್ಲಿ ಯಾರಿದ್ದಾರೆಂದು ಹುಡುಕುತ್ತೇನೆ. ಯಾರು ಕಂಡರೂ ಮುಖಕ್ಕಿಂತ ಮೊದಲು ಕಾಲು ನೋಡುತ್ತೇನೆ.