ಗವಿಯ ಬಾಯಿಗೆ ಅಡ್ಡ ನಿಂತ ದೋಣಿ

ಸೂರ್ಯ ಇನ್ನೂ ಮೂಡಿಲ್ಲ. ತೊರ್ರೆಸಾಲ್ದಾ ಎಂಬ ಕಡಲೂರಿನ ದಡದಲ್ಲಿ ಮಡಚಿದ ಕೊಡೆಗಳು ಸಾಲಾಗಿ ನಿಂತಿವೆ. ನಿನ್ನೆ ಸಂಜೆ ಕರಿದ ಮೀನು ತಿಂದವರು ಬಿಸಾಡಿದ ಕಾಗದದ ಪೊಟ್ಟಣಗಳು ಮರಳಲ್ಲಿ ಅರ್ಧ ಹೂತುಹೋಗಿವೆ. ಕತಾಲ್ಡೊ ಸೆಮೆರಾರೊ ಪ್ಯಾಂಟನ್ನು ಮಂಡಿಯವರೆಗೆ ಮಡಚಿಕೊಂಡು ತಮ್ಮ ನೀಲಿ ದೋಣಿಯನ್ನು ಎದೆಯಿಂದ ನೂಕುತ್ತಿದ್ದಾರೆ. ಕೈಯಿಂದ ನೂಕುವ ಶಕ್ತಿ ಅವರ ಬಲಭುಜಕ್ಕೆ ಉಳಿದಿಲ್ಲ. ದೋಣಿ ನೀರಿಗಿಳಿದ ಮೇಲೆ ಅದರ ಅಂಚಿಗೆ ಒರಗಿ ಉಸಿರು ಸುಧಾರಿಸಿಕೊಳ್ಳುತ್ತಾರೆ. ಆಮೇಲೆ ಹತ್ತಿ ಕೂತು ಹುಟ್ಟು ಹಿಡಿಯುತ್ತಾರೆ.

ಅವರು ಹೋಗುವುದು ದೂರವೇನಲ್ಲ. ಹಳೆಯ ಕಾವಲುಗೋಪುರ ನಿಂತಿರುವ ಬಂಡೆಯನ್ನು ಬಳಸಿದರೆ ಹಾಲುಗವಿ. ಬಾಯಿಗೆ ಅಡ್ಡಲಾಗಿ ಒಂದು ಹಗ್ಗ, ಹಗ್ಗದಲ್ಲಿ ತೇಲುವ ಕಿತ್ತಳೆ ಬಣ್ಣದ ಚೆಂಡುಗಳು, ಮೇಲೆ ಬಂಡೆಗೆ ಬಡಿದ ಫಲಕ: ಒಳಗೆ ಪ್ರವೇಶವಿಲ್ಲ. ಕತಾಲ್ಡೊ ದೋಣಿಯನ್ನು ಆ ಹಗ್ಗಕ್ಕೇ ಅಡ್ಡಡ್ಡ ಕಟ್ಟಿ, ಗವಿಗೆ ಬೆನ್ನು ಮಾಡಿ ಕೂರುತ್ತಾರೆ. ಬೇಸಿಗೆ ಪೂರ್ತಿ ಅವರ ಕೆಲಸ ಇದೇ. ಬಂದವರನ್ನು ಒಳಗೆ ಬಿಡದಿರುವುದು.

ಸಂಬಳ ಇದೆಯೇ ಎಂದರೆ ಇಲ್ಲವೆಂದು ತಲೆ ಆಡಿಸುತ್ತಾರೆ. “ಇಲ್ಲಿ ಕೂತ್ಕೋ ಅಂತ ನಂಗ್ಯಾರೂ ಹೇಳಿಲ್ಲ. ಬೇಡ ಅಂತಾನೂ ಹೇಳಿಲ್ಲ. ಬಂದರು ಕಚೇರಿಯವರು ಒಂದಿನ ಬಂದ್ರು, ನೋಡಿದ್ರು, ಹೋದ್ರು.”

ಸೆಮೆರಾರೊ ಮನೆತನದವರು ಮೂರು ತಲೆಮಾರಿನಿಂದ ಇದೇ ಗವಿಯೊಳಗೆ ಜನರನ್ನು ಕರೆದೊಯ್ದವರು. ಬಾಯಿ ಬಹಳ ತಗ್ಗು. ಯಂತ್ರದ ದೋಣಿ ಹೋಗುವುದಿಲ್ಲ. ಹುಟ್ಟಿನ ದೋಣಿಯಲ್ಲಿ ಎಲ್ಲರೂ ಅಂಗಾತ ಮಲಗಬೇಕು. ದೋಣಿಗಾರ ತಾನೂ ಹಿಂದಕ್ಕೆ ಬಾಗಿ, ಚಾವಣಿಯ ಕಲ್ಲಿಗೆ ಅಂಗೈ ಕೊಟ್ಟು ದೋಣಿಯನ್ನು ಒಳಗೆ ನೂಕಬೇಕು. ಒಳಗೆ ಸುಣ್ಣಕಲ್ಲಿನ ಗೋಡೆ. ನೀರಿನಡಿಯಿಂದ ಬರುವ ಬೆಳಕು ಅದಕ್ಕೆ ತಾಗಿ ಇಡೀ ಗವಿ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಒಳಗೆ ಬಂದವರು ತಾವಾಗಿಯೇ ಮಾತು ನಿಲ್ಲಿಸುತ್ತಿದ್ದರು. ಎಲ್ಲರನ್ನೂ ನಗಿಸುವ ಕೆಲಸ ಕತಾಲ್ಡೊರ ತಮ್ಮ ಒರೊಂಜೊನದು. ದಪ್ಪ ಗಂಡಸರು ದೋಣಿ ಹತ್ತಿದರೆ, “ಸ್ವಾಮಿ, ಹೊಟ್ಟೇನ ದಡದಲ್ಲೇ ಬಿಟ್ಟು ಬನ್ನಿ, ವಾಪಸ್ ಬಂದಾಗ ಕೊಡ್ತೀವಿ” ಅನ್ನುತ್ತಿದ್ದ. ಅಣ್ಣ ಗಂಭೀರ, ತಮ್ಮ ಬಾಯಾಳಿ. ಜನ ತಮ್ಮನ ದೋಣಿಗೇ ಸಾಲು ಹಚ್ಚುತ್ತಿದ್ದರು.

ಮೂರು ವರ್ಷದ ಹಿಂದೆ ಚಳಿಗಾಲದಲ್ಲಿ ಚಾವಣಿಯ ಒಂದು ಭಾಗ ಕಳಚಿ ಬಿತ್ತು. ಒಳಗೆ ಯಾರೂ ಇರಲಿಲ್ಲ. ಹಗ್ಗ ಬಂತು, ಫಲಕ ಬಂತು. ಮುಂದಿನ ಬೇಸಿಗೆಗೆ ಕತಾಲ್ಡೊ ಕೊಡೆ ಬಾಡಿಗೆಗೆ ಕೊಡುವವನ ಕೈಕೆಳಗೆ ಮರಳು ಗೋರುವ ಕೆಲಸಕ್ಕೆ ಸೇರಿದರು. ಒರೊಂಜೊ ಆಕ್ಟೋಪಸ್ ಹಿಡಿಯುವ ಮಡಕೆಗಳನ್ನು ಸಮುದ್ರಕ್ಕೆ ಇಳಿಬಿಡತೊಡಗಿದ. ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಅವನು ಬಂಡೆಯ ಬಳಿ ಮಡಕೆ ಎತ್ತುತ್ತಿದ್ದಾಗ, ತುಳಿಯುವ ದೋಣಿಯಲ್ಲಿ ಬಂದ ಗಂಡ ಹೆಂಡತಿ ಇಬ್ಬರು ಹಗ್ಗ ಎತ್ತಿ ಒಳಗೆ ನುಸುಳಿದರು. ಸ್ವಲ್ಪ ಹೊತ್ತಿಗೆ ಹೆಂಗಸಿನ ಕೂಗು ಕೇಳಿಸಿತು. ಅವರ ದೋಣಿ ಬಿದ್ದ ಕಲ್ಲುಗಳ ನಡುವೆ ಸಿಕ್ಕಿಕೊಂಡಿತ್ತು, ಮೇಲಿಂದ ಪುಡಿ ಉದುರುತ್ತಿತ್ತು. ಒರೊಂಜೊ ಒಳಗೆ ಹೋದ. ಕತ್ತಿನ ಮಟ್ಟದ ನೀರಿಗೆ ಇಳಿದು ಅವರ ದೋಣಿ ಬಿಡಿಸಿ ಹೊರಗೆ ನೂಕಿದ. ಅವರು ಹೊರಬಂದರು. ಅವನ ಮೇಲೆ ಚಾವಣಿ ಬಿತ್ತು.

ಸದ್ದು ದಡಕ್ಕೆ ಕೇಳಿತು. ಕತಾಲ್ಡೊ ಗೋರುಕೋಲು ಬಿಸಾಡಿ ಸಿಕ್ಕಿದ ದೋಣಿ ಹತ್ತಿದರು. ಗವಿಯೊಳಗೆ ಬಿಳಿ ಧೂಳು, ಏನೂ ಕಾಣುತ್ತಿರಲಿಲ್ಲ. ತಮ್ಮನ ಹೆಸರು ಕೂಗುತ್ತ ಕಲ್ಲುಗಳನ್ನು ಒಂದೊಂದಾಗಿ ಎಳೆದರು. ಭುಜ ಹೋದದ್ದು ಆವತ್ತೇ. ಒರೊಂಜೊನನ್ನು ಹೊರತಂದದ್ದು ಮರುದಿನ, ಬಂದರು ಕಚೇರಿ ಕರೆಸಿದ ಮುಳುಗುಗಾರರು.

“ಆ ಇಬ್ಬರು ಬಾರಲ್ಲಿ ಟವೆಲ್ ಹೊದ್ದು ಕೂತಿದ್ರು,” ಎನ್ನುತ್ತಾರೆ ಕತಾಲ್ಡೊ. “ಯಾರೋ ಅವರಿಗೆ ಬಾದಾಮಿ ಹಾಲು ಹಾಕಿದ ಕಾಫಿ ಕೊಟ್ಟಿದ್ರು. ನಾನು ಅವರ ಮುಂದೇನೆ ಹಾದು ಹೋದೆ. ಏನಾದ್ರೂ ಅಂತಾರೇನೋ ಅಂದ್ಕೊಂಡೆ. ಆ ಹೆಂಗಸು ತಲೆ ತಗ್ಗಿಸಿದ್ಳು. ಸಂಜೆ ನೋಡಿದ್ರೆ ಊರಲ್ಲೇ ಇರಲಿಲ್ಲ.”

ಪತ್ರಿಕೆಯವರು ಬಂದರು, ಹೋದರು. ಹಾಲುಗವಿಯ ಕಥೆ ಅಷ್ಟಕ್ಕೆ ಮುಗಿಯುತ್ತದೆ ಎಂದು ಕತಾಲ್ಡೊ ತಿಳಿದಿದ್ದರು. ಆದರೆ ಮರುವರ್ಷ ಜನ ಇನ್ನೂ ಹೆಚ್ಚಾಗಿ ಬಂದರು. ಮೊದಲು ಬೆಳಕು ನೋಡಲು ಬರುತ್ತಿದ್ದವರು ಈಗ ದೋಣಿಗಾರ ಸತ್ತ ಜಾಗ ನೋಡಲು ಬರುತ್ತಾರೆ. ಪ್ರವಾಸಿ ಕಚೇರಿ ಹಂಚುವ ಹಾಳೆಯಲ್ಲಿ, ಊರಿನಲ್ಲಿ ನೋಡಬೇಕಾದವುಗಳ ಸಾಲಿನಲ್ಲಿ, ಹಾಲುಗವಿಯೇ ಈಗಲೂ ಮೊದಲನೆಯದು. ಗೋಪುರ, ಬೆಸ್ತರ ಮಾತೆಯ ಗುಡಿ, ಬಂದರಿನ ಸಂಜೆಯ ನಡಿಗೆ ಎಲ್ಲ ಅದರ ಕೆಳಗೆ. ಅದನ್ನು ತೆಗೆದುಹಾಕಿ ಎಂದು ಕೇಳಲು ಕತಾಲ್ಡೊ ಶುಭ್ರ ಅಂಗಿ ಹಾಕಿಕೊಂಡು ಕಚೇರಿಗೆ ಹೋಗಿದ್ದರು. ಅಲ್ಲಿ ಕೂರುವ ತೆಕ್ಲಾ ಅವರ ಕೇರಿಯಲ್ಲೇ ಆಡಿ ಬೆಳೆದವಳು.

“ಅದನ್ನ ತೆಗೆದ್ರೆ ಏನುಳೀತು, ಮಾಮ?” ಎಂದಳಂತೆ ಅವಳು. “ಮರಳು ಎಲ್ಲ ಊರಲ್ಲೂ ಇದೆ. ‘ಹೊರಗಿನಿಂದ ಮಾತ್ರ’ ಅಂತ ಕೆಳಗೆ ಬರೆದಿದ್ದೀವಲ್ಲ.”

“ಬರೆದಿದ್ದೀಯ. ನಂಗೆ ಕನ್ನಡಕ ಹಾಕಿದ್ರೂ ಕಾಣಲ್ಲ.”

ತೆಕ್ಲಾ ಅತ್ತಳು. ಹಾಳೆ ಹಾಗೇ ಇದೆ.

ಹೊತ್ತು ಏರುತ್ತದೆ. ಮೊದಲು ಬರುವವರು ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಹುಡುಗ ಹುಡುಗಿಯರು. “ಅಜ್ಜ, ಬರೀ ಒಂದು ಫೋಟೊ” ಎಂದು ಗೋಗರೆಯುತ್ತಾರೆ. ಕತಾಲ್ಡೊ ಬೇಡ ಎಂದು ಬೆರಳಾಡಿಸುತ್ತಾರೆ. ಒಬ್ಬ ನೋಟು ಚಾಚುತ್ತಾನೆ. ಇನ್ನೊಬ್ಬ, “ಈ ಮುದುಕನಿಗೆ ಗವಿ ಬರೆದುಕೊಟ್ಟವರು ಯಾರೋ” ಎಂದು ಗೊಣಗುತ್ತ ತಿರುಗುತ್ತಾನೆ. ನಡುವೆ ಒಣರೊಟ್ಟಿಯನ್ನು ಸಮುದ್ರದ ನೀರಲ್ಲಿ ಅದ್ದಿ, ಟೊಮೆಟೊ ಉಜ್ಜಿ ತಿನ್ನುತ್ತಾರೆ. ಉಪ್ಪು ಬೇಕಾಗುವುದಿಲ್ಲ.

ಆಮೇಲೆ ಯಂತ್ರದ ದೋಣಿಗಳು ಬರುತ್ತವೆ. ಅವುಗಳಲ್ಲೊಂದು ದಾನಿಯೇಲೆಯದು. ದಾನಿಯೇಲೆ ಒರೊಂಜೊನ ಮಗ. ಅಪ್ಪ ಸತ್ತಾಗ ಉತ್ತರದ ಒಂದು ಹೋಟೆಲಿನಲ್ಲಿ ತಟ್ಟೆ ಹೊರುತ್ತಿದ್ದ. ಈಗ ಊರಿಗೆ ಬಂದು, ಹನ್ನೆರಡು ಜನ ಹಿಡಿಸುವ ಬಿಳಿ ದೋಣಿಯಲ್ಲಿ ಪ್ರವಾಸಿಗರನ್ನು ಕೂರಿಸಿ, ಗವಿಯ ಮುಂದೆ ಯಂತ್ರ ನಿಲ್ಲಿಸಿ, ಮೈಕು ಹಿಡಿದು ಕಥೆ ಹೇಳುತ್ತಾನೆ. ಕೊನೆಯಲ್ಲಿ “ಅವರು ನನ್ನ ತಂದೆ” ಅನ್ನುತ್ತಾನೆ. ಹೆಂಗಸರು ಕಣ್ಣೊರೆಸಿಕೊಂಡು ಅವನ ಭುಜ ಮುಟ್ಟುತ್ತಾರೆ. ಇದೆಲ್ಲ ನಡೆಯುವಾಗ ಕತಾಲ್ಡೊ ಹಗ್ಗದ ಗಂಟು ನೋಡುತ್ತ ಕೂರುತ್ತಾರೆ.

ಒರೊಂಜೊನ ಹೆಂಡತಿ ದೊಮೆನಿಕಾ ಒಮ್ಮೆ ನೆಂಟರೊಬ್ಬರ ಮದುವೆಯಲ್ಲಿ ಕತಾಲ್ಡೊರ ಪಕ್ಕ ಕೂತು ಹೇಳಿದ್ದಳು: “ನನ್ನ ಮಗ ಅವರಪ್ಪನ ಸಾವಿನ ಕಥೆ ದಿನವೆಲ್ಲ ಬಂದವರಿಗೆಲ್ಲ ಹೇಳ್ತಾನೆ, ಭಾವ. ಮನೇಲಿ ನಂಗೆ ಒಂದ್ಸಲಾನೂ ಅಪ್ಪನ ಹೆಸರೆತ್ತಿಲ್ಲ.”

ಇವತ್ತು ದಾನಿಯೇಲೆಯ ದೋಣಿ ಎಂದಿನ ಜಾಗದಲ್ಲಿ ನಿಲ್ಲುವುದಿಲ್ಲ. ಮುಂದಕ್ಕೆ, ಹಗ್ಗದ ತನಕ ಬರುತ್ತದೆ. ಕೂತವರಲ್ಲಿ ಒಬ್ಬ ಗಂಡಸು ಈಜುಗನ್ನಡಕ ಹಾಕಿಕೊಂಡು ತಯಾರಾಗಿದ್ದಾನೆ.

“ದೊಡ್ಡಪ್ಪ, ಸ್ವಲ್ಪ ಸರ್ಕೋ,” ಎನ್ನುತ್ತಾನೆ ದಾನಿಯೇಲೆ ಮೆಲ್ಲಗೆ, ಮೈಕನ್ನು ಕೆಳಗಿಟ್ಟು. “ಬಾಯಿ ಹತ್ರ ಹೋಗಿ ಬರ್ತಾನೆ ಅಷ್ಟೇ. ಒಳಗೆ ಹೋಗಲ್ಲ.”

“ಆಮೇಲೆ ಹೋಗ್ತಾನೆ.”

“ಹೋದ್ರೆ ನಾನು ನೋಡ್ಕೊತೀನಿ.”

“ಹೆಂಗೆ ನೋಡ್ಕೊತೀಯ? ನೀನೂ ಇಳೀತೀಯ. ನಿಮ್ಮಪ್ಪ ಇಳಿದ ಹಾಗೆ.”

ದಾನಿಯೇಲೆಯ ಕೈ ಯಂತ್ರದ ಹಿಡಿಯ ಮೇಲೇ ಇದೆ. ಹಿಂದಿನಿಂದ ಹೆಂಗಸೊಬ್ಬಳು, ಈ ಮುದುಕ ಯಾರು ಎಂದು ಕೇಳುತ್ತಾಳೆ. ದಾನಿಯೇಲೆ ತಿರುಗಿ ನೋಡದೆ, “ಕಾವಲಿನವನು” ಎನ್ನುತ್ತಾನೆ. ಹಿಡಿ ತಿರುಗಿಸಿ, ದೋಣಿಯನ್ನು ಹಿಂದಕ್ಕೆ ತೆಗೆಯುತ್ತಾನೆ.

ಅದರ ಅಲೆಗೆ ನೀಲಿ ದೋಣಿ ಬಹಳ ಹೊತ್ತು ಕುಲುಕುತ್ತದೆ. ಕತಾಲ್ಡೊ ಎರಡೂ ಕೈಯಿಂದ ಅಂಚು ಹಿಡಿದು ಕೂತಿದ್ದಾರೆ. ಬೇಜಾರಾಯಿತೇ ಎಂದರೆ, ಇಲ್ಲ ಎನ್ನುತ್ತಾರೆ. “ಒಳ್ಳೇದೇ ಮಾಡಿದ. ಸತ್ತವನ ಅಣ್ಣ ಅಂತ ಹೇಳಿದ್ದಿದ್ರೆ ನನ್ನ ಫೋಟೊನೂ ತೆಗೀತಿದ್ರು.” ಹಗ್ಗದ ಗಂಟು ಬಿಗಿಮಾಡುತ್ತ, “ಅವನ ಮೇಲೆ ನಂಗೆ ಸಿಟ್ಟಿಲ್ಲ. ಈ ಊರಲ್ಲಿ ಬೇರೆ ಏನು ಇಟ್ಕೊಂಡು ಬದುಕ್ತಾನೆ?”

ಮುಂದಿನ ತಿಂಗಳು ಭುಜಕ್ಕೆ ಶಸ್ತ್ರಚಿಕಿತ್ಸೆ. ಹೆಂಡತಿ ಅದ್ದೊಲೊರಾತಾ ಈಗಿಂದಲೇ ಎಚ್ಚರಿಸುತ್ತಿದ್ದಾಳೆ: “ಕೈ ಕಟ್ಟಿಸ್ಕೊಂಡು ದೋಣಿ ಹತ್ತಿದ್ರೆ ಆ ದೋಣಿಗೆ ನಾನೇ ಬೆಂಕಿ ಇಡ್ತೀನಿ ನೋಡು.” ವೈದ್ಯರು ಹೇಳುವ ಪ್ರಕಾರ ಆ ಕೈ ಇನ್ನು ಮುಂದೆ ಹುಟ್ಟು ಹಾಕುವ ಕೈಯಲ್ಲ. ಹಗ್ಗದ ಬಳಿ ಕೂರಲು ಬೇರೆ ಯಾರನ್ನಾದರೂ ಇಡಿ ಎಂದು ಬಂದರು ಕಚೇರಿಗೆ ಹೋಗಿ ಕತಾಲ್ಡೊ ಬೇಡಿದರು. ಫಲಕ ಇದೆಯಲ್ಲ ಎಂದರು ಅಲ್ಲಿನವರು. ಕತಾಲ್ಡೊ ದಡದಲ್ಲಿ ಹಳೆಯ ದೋಣಿಗಾರರನ್ನೂ ಕೇಳಿದರು. ಕೆಲವರು ನಕ್ಕರು, ಕೆಲವರು ಅವರ ಬೆನ್ನು ತಟ್ಟಿದರು. ದಾನಿಯೇಲೆಯನ್ನು ಮಾತ್ರ ಕೇಳಿಲ್ಲ. ಕೇಳುವುದೂ ಇಲ್ಲ.

ಮಧ್ಯಾಹ್ನದ ಬಿಸಿಲಿಗೆ ಬಂಡೆ ಕಾಯುತ್ತದೆ. ಗವಿಯೊಳಗೆ ಎಲ್ಲೋ ಒಂದು ಸಣ್ಣ ಕಲ್ಲು ನೀರಿಗೆ ಬಿದ್ದ ಸದ್ದು. ಕತಾಲ್ಡೊ ತಿರುಗಿ ನೋಡುವುದಿಲ್ಲ. ತಮ್ಮ ಸತ್ತ ದಿನದಿಂದ ಅವರು ಅದರ ಒಳಗನ್ನು ನೋಡಿಲ್ಲ. ಮುಂದೆ ಏನಾಗಲೆಂದು ನಿಮ್ಮ ಆಸೆ ಎಂದು ಕೇಳಿದರೆ ನೀರಿನ ಕಡೆ ನೋಡುತ್ತಲೇ ಹೇಳುತ್ತಾರೆ:

“ಆ ಗವಿ ನಮ್ಮಜ್ಜನ ಕಾಲದಿಂದ ನಮ್ಮ ಹೊಟ್ಟೆ ಹೊರೆದಿದೆ. ಇಂಥ ಮಾತು ನನ್ನ ಬಾಯಲ್ಲಿ ಬರಬಾರದು. ಆದ್ರೂ ಉಳಿದಿರೋ ಚಾವಣಿ ಬೀಳಬೇಕು. ಚಳಿಗಾಲದಲ್ಲಿ, ದೊಡ್ಡ ಗಾಳಿ ಎದ್ದು ದೋಣಿಗಳೆಲ್ಲ ದಡ ಹತ್ತಿರೋವಾಗ, ಒಳಗೆ ಒಂದು ನರಪಿಳ್ಳೆನೂ ಇಲ್ಲದಾಗ, ಪೂರ್ತಿ ಬೀಳಬೇಕು. ಆಮೇಲೆ ಇಲ್ಲಿ ನೋಡೋಕೆ ಏನೂ ಇರಲ್ಲ. ನಾನೂ ಮನೇಲಿ ಇರಬಹುದು.”