ನಿಭಾಪಿಶಿಯ ಕೆಮ್ಮು

ಕೋಲ್ಕತ್ತದ ಬಾಗ್‌ಬಜಾರಿನ ನಮ್ಮ ಗಲ್ಲಿಯಲ್ಲಿ ಮಾಘ ಮಾಸದ ಚಳಿಗಿಂತ ಆ ಚಳಿಯ ಭಯವೇ ಜಾಸ್ತಿ. ಮಾಘದ ಚಳಿಗೆ ಹುಲಿಯೂ ನಡುಗುತ್ತದೆ ಎನ್ನುವ ಜನ ನಾವು. ಹುಲಿ ಕೈಗೆ ಸಿಕ್ಕಿದ್ದರೆ ಅದರ ಕುತ್ತಿಗೆಗೂ ಮಫ್ಲರ್ ಸುತ್ತುತ್ತಿದ್ದೆವು. ಅಂಥ ಚಳಿಯಲ್ಲಿ ಮೇಲ್ಮನೆಯ ಸಾನ್ಯಾಲರು ಕೈಗೂಸನ್ನು ಪರವೂರಿಗೆ ಕರೆದೊಯ್ಯಬೇಕಾದರೆ ಟಿಕೆಟ್ ತೆಗೆಸುವ ಮೊದಲು ಕೇಳುತ್ತಿದ್ದ ಮಾತು ಒಂದೇ: "ನಿಭಾ ಬರ್ತಾಳೆ ತಾನೆ?"

ನಿಭಾನನಿ ಮನೆಯ ಯಜಮಾನರ ತಂಗಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಬಿಳಿ ಸೀರೆಯುಟ್ಟು ಅಣ್ಣನ ಮನೆಗೆ ವಾಪಸು ಬಂದವಳು. ಅಣ್ಣನ ಮಕ್ಕಳಿಗೆ ಅವಳು ಪಿಶಿ, ಅಂದರೆ ಸೋದರತ್ತೆ. ಬರಬರುತ್ತ ಇಡೀ ಗಲ್ಲಿಗೇ ನಿಭಾಪಿಶಿಯಾದಳು. ಕೆಳಮನೆಯಲ್ಲಿ ಬಾಡಿಗೆಗಿದ್ದ ನಾನೊಬ್ಬಳು ಮಾತ್ರ ಅವಳನ್ನು ನಿಭಾ ಎಂದು ಕರೆಯುತ್ತಿದ್ದೆ; ಅವಳಿಗೆ ನಾನು ದಿದಿ, ಅಂದರೆ ಅಕ್ಕ. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದವಳು ನಾನು. ಸೂಜಿಗಿಂತ ನನ್ನ ನಾಲಗೆಯೇ ಮೊನಚು ಅಂತ ಮೇಲ್ಮನೆಯವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ.

ನಿಭಾಳ ಹತ್ತಿರ ಒಂದು ತಗಡಿನ ಪೆಟ್ಟಿಗೆಯಿತ್ತು. ಬೆಳ್ಳುಳ್ಳಿ, ಕರಿಜೀರಿಗೆ ಹಾಕಿ ಕಾಯಿಸಿದ ಸಾಸಿವೆ ಎಣ್ಣೆ, ಫ್ಲಾನೆಲ್ ಬಟ್ಟೆಯ ತುಂಡುಗಳು, ಕುದಿಸಿ ಆರಿಸಿದ ನೀರಿನ ಬಾಟಲಿ, ಹಾಲು ಕುಡಿಸುವ ಬೆಳ್ಳಿಯ ಒಳಲೆ, ಮತ್ತು ಕಣ್ಣು ಮೂಗು ಬಾಯಿ ಬಿಟ್ಟು ಮಿಕ್ಕಿದ್ದೆಲ್ಲ ಮುಚ್ಚುವ ಮಂಕಿ ಕ್ಯಾಪು. ಟೋಪಿಯನ್ನು ಅವಳೇ ಹೆಣೆಯುತ್ತಿದ್ದಳು. ಶೀತ ಕಿವಿಯಿಂದ ಒಳಗೆ ಹೋಗುತ್ತದೆಂಬುದು ಅವಳ ನಂಬಿಕೆ. ಎಷ್ಟು ಸರಿಯೋ ನಾನು ಕಾಣೆ, ಅವಳ ತೋಳಲ್ಲಿ ಹೋದ ಮಕ್ಕಳೆಲ್ಲ ಪುರಿಗೆ, ಕಾಶಿಗೆ, ಗಿರಿಡೀಹಿಗೆ ಹೋಗಿ ಗಟ್ಟಿಮುಟ್ಟಾಗಿ ತಿರುಗಿ ಬಂದವು. ನಿಭಾ ಸಮುದ್ರ ಕಂಡದ್ದೂ ಗಂಗೆಯ ಘಟ್ಟ ಕಂಡದ್ದೂ ಹಾಗೆಯೇ. ವಿಧವೆಯನ್ನು ಸುಮ್ಮನೆ ತಿರುಗಾಡಿಸಲು ಯಾರು ಕರೆದುಕೊಂಡು ಹೋಗುತ್ತಾರೆ? ಕಂಕುಳಲ್ಲೊಂದು ಕೂಸಿದ್ದರೆ ಮಾತ್ರ ಅವಳಿಗೂ ರೈಲಿನಲ್ಲಿ ಜಾಗ.

ಅವಳಿಗೊಂದು ಒಣಕೆಮ್ಮಿತ್ತು. ಎರಡು ಹೊತ್ತೂ ಕಲ್ಲಿದ್ದಲ ಒಲೆ ಊದಿ ಊದಿ ಅಂಟಿಸಿಕೊಂಡದ್ದು. ಜ್ವರವಿಲ್ಲ, ಕಫವಿಲ್ಲ, ಬರಿ ಖಕ್ ಖಕ್. ಮೇಲೆ ಆ ಸದ್ದು ಕೇಳಿದರೆ ಒಲೆ ಹತ್ತಿತು, ಇನ್ನು ಚಹಾ ಬರುತ್ತದೆ ಎಂದು ನಾನು ಲೋಟ ತೊಳೆದಿಡುತ್ತಿದ್ದೆ. ಆ ಮನೆಯ ಮಕ್ಕಳೆಲ್ಲ ಆ ಕೆಮ್ಮು ಕೇಳುತ್ತಲೇ ನಿದ್ದೆ ಹೋದವು.

ಆ ವರ್ಷ ಸಾನ್ಯಾಲರ ಮೊಮ್ಮಗ ಬುಬಾಯಿಗೆ ಆರು ತಿಂಗಳು ತುಂಬಿತು. ಮಧುಪುರದಲ್ಲಿ ಅವನ ಸೋದರಮಾವನ ಮನೆ. ಅನ್ನಪ್ರಾಶನ ಅಲ್ಲೇ ಆಗಲಿ, ಎಲ್ಲರಿಗೂ ಹವಾ ಬದಲಾವಣೆಯೂ ಆದೀತು ಎಂದು ನಿಶ್ಚಯವಾಯಿತು. ನನ್ನನ್ನೂ ಕರೆದರು. ನಿಭಾ ಪೌಷ ಮಾಸದಲ್ಲೇ ಹಳದಿ ಉಣ್ಣೆ ತಂದು ಹೆಣೆಯಲು ಕೂತಳು. "ಇವನ ತಲೆ ಅವನಪ್ಪನ ತಲೆಗಿಂತ ದೊಡ್ಡದು ಕಣೇ ದಿದಿ, ಸೂಜಿ ಮೇಲೆ ಎಷ್ಟು ಕುಣಿಕೆ ಹಾಕಿದ್ರೂ ಸಾಲದು" ಅಂತ ನಗುತ್ತಿದ್ದಳು.

ಬುಬಾಯಿಯ ತಾಯಿ, ಆ ಮನೆಯ ಸೊಸೆ ಶಿಪ್ರಾ ಒಳ್ಳೆಯ ಹುಡುಗಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದನ್ನು ಕೇಳಿ ನೀವು ಅವಳನ್ನು ಬೈಯುತ್ತೀರಿ. ಮಗುವಿನ ತೂಕ ನೋಡುವ ಡಾಕ್ಟರಮ್ಮ ಅವಳಿಗೆ ಹೇಳಿದ್ದರಂತೆ: ಈಗ ಎಲ್ಲೆಲ್ಲೂ ಫ್ಲೂ ಇದೆ, ಕೆಮ್ಮುವವರ ಸೀನುವವರ ಕೈಗೆ ಮಗು ಕೊಡಬೇಡ, ರೈಲಿನಲ್ಲಂತೂ ಕೊಡಲೇಬೇಡ, ಯಾರೂ ಮುದ್ದಿಸಬಾರದು, ಮುಟ್ಟುವವರು ಕೈ ತೊಳೆದು ಮುಟ್ಟಲಿ. ಚಿನ್ನದಂಥ ಮಾತು. ಮಾತಿನಲ್ಲೇನೂ ತಪ್ಪಿರಲಿಲ್ಲ. ಅದು ಯಾರ ತಲೆಯ ಮೇಲೆ ಹೋಗಿ ಬಿತ್ತು ಎಂಬುದರಲ್ಲಿತ್ತು ತಪ್ಪು.

ಹೌರಾ ನಿಲ್ದಾಣದಲ್ಲಿ ಮನೆಯ ಅಳಿಯ ಪ್ರತುಲ್‌ಬಾಬು ಹೆಂಡತಿ ರಾಣುವಿನೊಂದಿಗೆ ಬಂದು ಕೂಡಿಕೊಂಡರು. ಈ ಅಳಿಯದೇವರ ಬಗ್ಗೆ ಒಂದು ಮಾತು ಹೇಳಬೇಕು. ಒಂದು ವರ್ಷ ಅಳಿಯಂದಿರ ಹಬ್ಬದ ಊಟದಲ್ಲಿ ಮರ್ಯಾದೆಗೆಂದು ಬಡಿಸುವ ಮೀನಿನ ತಲೆ ತನ್ನ ತಟ್ಟೆಗೆ ಬೀಳದೆ ಪಕ್ಕದವನ ತಟ್ಟೆಗೆ ಬಿತ್ತೆಂದು ಎದ್ದು ಹೋದವರು, ಮಳೆಗಾಲ ಮುಗಿಯುವವರೆಗೂ ರಾಣುವನ್ನು ತವರಲ್ಲೇ ಬಿಟ್ಟಿದ್ದರು. ಅಂದಿನಿಂದ ಆ ಮನೆಯಲ್ಲಿ ಅವರೆದುರು ಯಾರೂ ಉಸಿರೆತ್ತುವುದಿಲ್ಲ. ಆ ದಿನ ಅವರ ಮೂಗು ಕೆಂಪಗೆ ಊದಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬಂದವರೇ ಶಿಪ್ರಾಳ ಕೈಯಿಂದ ಬುಬಾಯಿಯನ್ನು ಕಿತ್ತುಕೊಂಡು ಎರಡೂ ಕೆನ್ನೆಗೆ ಲೊಚಲೊಚನೆ ಮುತ್ತಿಟ್ಟರು.

ನನ್ನ ನಾಲಗೆ ಸುಮ್ಮನಿರಬೇಕಲ್ಲ. "ಜಾಮಾಯಿಬಾಬು, ನಿಮಗೆ ನೆಗಡಿ ಆಗಿದೆ. ಮಗೂನ ಒಂಚೂರು ದೂರ ಇಟ್ಕೊಳ್ಳಿ" ಎಂದು ಅಳಿಯನಿಗೆ ಅಂದೆ.

"ನೆಗಡಿ ಎಲ್ಲಿ ಬಂತು ಮಾಶಿಮಾ, ಇದು ಹೌರಾ ಧೂಳು" ಅಂತ ನಕ್ಕರು. "ನಮ್ಮ ಆಫೀಸಿಗೆ ಆಫೀಸೇ ಒಂದು ವಾರದಿಂದ ಸೀನ್ತಾ ಕೂತಿದೆ."

"ಆಫೀಸಿಗೆ ಆಫೀಸೇ ಸೀನಿದ್ರೆ ಅದು ಧೂಳು ಹೇಗಾಗುತ್ತೆ?"

ಅವರ ಹುಬ್ಬು ಮೇಲೇರಿತು. ಸಾನ್ಯಾಲರ ಗಿನ್ನಿ, ಮನೆಯೊಡತಿ ಸರಯೂಬಾಲಾ, ನಡುವೆ ಬಂದಳು. "ದಿದಿಮೊಣಿ, ನಿಮಗ್ಯಾಕೆ ಊರ ಉಸಾಬರಿ? ಅಳಿಯ ಮಗೂನ ಎತ್ಕೊಂಡ್ರೆ ಅದು ಮಗೂನ ಪುಣ್ಯ."

ಅದೇ ಹೊತ್ತಿಗೆ ನಿಭಾ ಕೆಮ್ಮಿದಳು. ಎಂಜಿನ್ನಿನ ಹೊಗೆ ಗಂಟಲಿಗೆ ಹೋಗಿತ್ತು. ಶಿಪ್ರಾ ಬೆಚ್ಚಿ ನೋಡಿದಳು. ಪಾಪ, ಅವಳ ಎದೆಯಲ್ಲಿ ಭಯ ಕುದಿಯುತ್ತಿತ್ತು. ಅಳಿಯನೆದುರು ಅದನ್ನು ಆಡಲು ಬಾಯಿರಲಿಲ್ಲ. ಆಡಬಹುದಾದ ಕಡೆ ಆಡಿದಳು.

"ಪಿಶಿಮಾ... ತಪ್ಪು ತಿಳ್ಕೋಬೇಡಿ. ಕೆಮ್ಮೋರ ಹತ್ರ ಬುಬಾಯಿ ಇರಬಾರ್ದು ಅಂತ ಡಾಕ್ಟರ್ ಹೇಳಿದಾರೆ."

ಸರಯೂಬಾಲಾಗೆ ಅಷ್ಟೇ ಸಾಕಾಯಿತು. "ಹೌದಲ್ಲ! ಠಾಕುರ್‌ಝಿ, ನೀನು ರೈಲಲ್ಲಿ ಆ ಕೊನೇಲಿ ಬಾಗಿಲ ಹತ್ರ ಕೂತ್ಕೋ. ಪೆಟ್ಟಿಗೆ ಇಲ್ಲಿ ಕೊಡು" ಎಂದು ನಾದಿನಿಗೆ ಹೇಳಿದಳು.

"ತಪ್ಪೇನು ಬಂತಮ್ಮ" ಅಂದಳು ನಿಭಾ. "ಡಾಕ್ಟರ್ ಹೇಳಿದ್ಮೇಲೆ ಮುಗೀತು. ಕಿವಿ ಮಾತ್ರ ಮುಚ್ಚಿಡು." ಪೆಟ್ಟಿಗೆ ಕೊಟ್ಟು ಬರಿಗೈಯಲ್ಲಿ ನಡೆದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಗಟ್ಟಿಯಾಗಿ ಹೇಳಿ ನಾನೂ ಅವಳ ಹಿಂದೆಯೇ ಹೋದೆ.

ದಾರಿಯುದ್ದಕ್ಕೂ ಅವಳು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು, ಕೆಮ್ಮು ಅಲ್ಲಿಯವರೆಗೆ ಕೇಳಬಾರದೆಂದು. ಬಾಗಿಲ ಸಂದಿಯಿಂದ ಚಳಿಗಾಳಿ ಅವಳ ಕಾಲಿಗೆ ಹೊಡೆಯುತ್ತಿತ್ತು. ಅತ್ತ ನಮ್ಮವರು ಶೀತಕ್ಕೆ ಹೆದರಿ ಒಂದು ಕಿಟಕಿಯೂ ಬಿಡದೆ ಮುಚ್ಚಿಕೊಂಡಿದ್ದರು, ಒಳಗೆ ಅಳಿಯ ಸೀನುತ್ತಿದ್ದರು. ಬುಬಾಯಿ ಅತ್ತಾಗಲೆಲ್ಲ ನಿಭಾ ಅರ್ಧ ಏಳುತ್ತಿದ್ದಳು, ಮತ್ತೆ ಕೂರುತ್ತಿದ್ದಳು. "ದಿದಿ, ಒಂದ್ಸಲ ನೋಡ್ಕೊಂಡು ಬಾರೇ, ಟೋಪಿ ಜಾರಿದ್ಯಾ ಅಂತ" ಅಂತ ನನ್ನನ್ನು ಅಟ್ಟುತ್ತಿದ್ದಳು. ಆಸನ್‌ಸೋಲಿನಲ್ಲಿ ನಾನು ಹೋದಾಗ ಪ್ರತುಲ್‌ಬಾಬು ಕಟ್ಲೆಟ್ ತಿಂದು ಮುಗಿಸಿ, ಕರವಸ್ತ್ರದಲ್ಲಿ ಸೊರಸೊರನೆ ಮೂಗು ಸೀಟಿ, ಅದೇ ಕರವಸ್ತ್ರದಿಂದ ಮಗುವಿನ ಗಲ್ಲದ ಹಾಲು ಒರೆಸುತ್ತಿದ್ದರು. ಶಿಪ್ರಾ ಅದನ್ನು ನೋಡುತ್ತಿದ್ದಳು. ನನ್ನ ಮುಖ ಕಂಡು ಕಣ್ಣು ತಗ್ಗಿಸಿದಳು.

"ಟೋಪಿ ಸರಿಯಾಗಿದೆ" ಅಂತ ನಿಭಾಗೆ ಬಂದು ಹೇಳಿದೆ. ಬೇರೆ ಏನು ಹೇಳಲಿ?

ಮಧುಪುರದಲ್ಲಿ ಅನ್ನಪ್ರಾಶನ ಚೆನ್ನಾಗಿಯೇ ಆಯಿತು. ಮಾವನ ತೊಡೆಯ ಮೇಲೆ ಕೂತು ಬುಬಾಯಿ ಪಾಯಸ ಚೀಪಿ, ಅರ್ಧ ಉಗಿದ. ಶುಭಕಾರ್ಯಕ್ಕೆ ವಿಧವೆ ಎದುರು ಬರುವಂತಿಲ್ಲ, ಹಾಗಾಗಿ ನಿಭಾ ಹಿತ್ತಲಿನಲ್ಲಿ ಪಾಯಸದ ಪಾತ್ರೆ ಉಜ್ಜುತ್ತಿದ್ದಳು. ಶಂಖ ಊದಿದಾಗ ಮಸಿ ಕೈಯನ್ನೇ ಹಣೆಗೆ ಒತ್ತಿ ನಮಸ್ಕರಿಸಿದಳು.

ಮರುದಿನ ಅಳಿಯನಿಗೆ ಜ್ವರ ಏರಿತು. "ಪ್ರಯಾಣದ ದಣಿವು" ಅಂದಳು ಸರಯೂಬಾಲಾ. ಕೋಳಿ ಸ್ಟೂ ಮಾಡಿ ಕೊಟ್ಟರು, ಮೂರು ರಜಾಯಿ ಹೊದಿಸಿದರು, ರಾಣು ಕಾಲು ಒತ್ತಿದಳು. ಜ್ವರ ಎಂಬ ಶಬ್ದ ಮಾತ್ರ ಯಾರ ಬಾಯಿಂದಲೂ ಹೊರಡಲಿಲ್ಲ. ಅದಾದ ಮೇಲೆ ಬುಬಾಯಿಯ ಮೈ ಕಾದ ಹೆಂಚಾಯಿತು.

ಮೂಗು ಕಟ್ಟಿ ಮೊಲೆ ಚೀಪಲಾರದೆ ಹೋದ. ಮಲಗಿಸಿದರೆ ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು, ಎದೆಗೂಡು ಗುಬ್ಬಿಯ ಎದೆಯ ಹಾಗೆ ಹಾರುತ್ತಿತ್ತು. ಒಬ್ಬರ ಕೈಯಲ್ಲೂ ನಿಲ್ಲಲೊಲ್ಲ. ಕೊನೆಗೆ ಶಿಪ್ರಾ ಹಿತ್ತಲಿಗೆ ಓಡಿ ಬಂದಳು. "ಪಿಶಿಮಾ, ನೀವು ತಗೊಳ್ಳಿ. ನನ್ನಿಂದ ಆಗ್ತಿಲ್ಲ. ತಗೊಳ್ಳಿ!"

ಡಾಕ್ಟರಮ್ಮನ ಮಾತು ಆಗ ಎಲ್ಲಿಗೆ ಹೋಯಿತೋ. ನಿಭಾ ಕೈ ತಿಕ್ಕಿ ತೊಳೆದಳು. ಒಂದು ಫ್ಲಾನೆಲ್ ತುಂಡನ್ನು ಮೂಗು ಬಾಯಿಗೆ ಬಿಗಿಯಾಗಿ ಕಟ್ಟಿಕೊಂಡಳು. ಮಗುವನ್ನು ಹೆಗಲಿಗೆ ನೆಟ್ಟಗೆ ಒರಗಿಸಿಕೊಂಡು ವರಾಂಡದಲ್ಲಿ ನಡೆಯತೊಡಗಿದಳು. ತಾಯಿಯ ಹಾಲು ಹಿಂಡಿಸಿ ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಬಿಟ್ಟಳು. ಅವನು ಅವಳ ಹೆಗಲ ಮೇಲೆ ಮಾತ್ರ ನಿದ್ದೆ ಮಾಡಿದ. ಅವಳು ಎರಡು ದಿನ ಸರಿಯಾಗಿ ಕೂರಲಿಲ್ಲ. ಆ ಎರಡು ದಿನ ಅವಳು ಸುಖವಾಗಿದ್ದಳು ಎಂದರೆ ನೀವು ನಂಬುವುದಿಲ್ಲ, ನಾನು ಕಣ್ಣಾರೆ ಕಂಡಿದ್ದೇನೆ.

ಊರಿನ ಮುದಿ ಡಾಕ್ಟರು ಬಂದು ಎದೆಗೆ ಕೊಳವೆ ಇಟ್ಟು ನೋಡಿದರು. "ಫ್ಲೂ. ನೆಟ್ಟಗೆ ಹಿಡಿದು ಹಾಲು ಹಾಕ್ತಿದೀರಲ್ಲ, ಅದು ಒಳ್ಳೇದಾಯ್ತು. ಈ ಮನೇಲಿ ಮೊದಲು ಜ್ವರ ಬಂದಿದ್ದು ಯಾರಿಗೆ?"

ಪಕ್ಕದ ಕೋಣೆಯಲ್ಲಿ ಪ್ರತುಲ್‌ಬಾಬು ರಜಾಯಿಯೊಳಗಿನಿಂದ ಕೆಮ್ಮಿದರು. ಬಾಗಿಲಲ್ಲಿ ನಿಂತಿದ್ದ ರಾಣುವಿನ ಮುಖ ಬಿಳಿಚಿತು.

"ಸುಮ್ನೆ ಕೇಳ್ತಿಲ್ಲ ನಾನು" ಅಂದರು ಡಾಕ್ಟರು. "ಅವರನ್ನ ಮಗೂನಿಂದ ದೂರ ಇಡ್ಬೇಕು. ಹೇಳಿ, ಯಾರು?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ನಿಭಾ ಬಾಯಿಗೆ ಕಟ್ಟಿದ ಬಟ್ಟೆ ಕೆಳಗೆಳೆದು, "ನಂಗೇ ಡಾಕ್ಟರ್‌ಬಾಬು. ಬರೋ ಮುಂಚಿಂದ್ಲೂ ಕೆಮ್ಮಿತ್ತು, ಜ್ವರಾನೂ ಇತ್ತು. ಹೇಳ್ಲಿಲ್ಲ" ಅಂದಳು.

ಡಾಕ್ಟರು ಕೆಂಡವಾದರು. "ಹೇಳ್ಲಿಲ್ವಾ? ಇಷ್ಟು ವಯಸ್ಸಾಗಿದೆ, ಬುದ್ಧಿ ಬೇಡ್ವಾ? ಜ್ವರ ಇಟ್ಕೊಂಡು ಆರು ತಿಂಗಳ ಕೂಸಿನ ಜೊತೆ ರೈಲು ಹತ್ತಿದ್ರಾ? ಮೊದ್ಲು ಮಗೂನ ಕೆಳಗಿಡಿ! ಈ ಹೆಂಗಸನ್ನ ಇನ್ಮೇಲೆ ಇದರ ಹತ್ರ ಬಿಡ್ಬೇಡಿ."

ಕೆಳಗಿಡಿ ಅಂದರೂ ಅವಳು ಇಡಲಿಲ್ಲ. ಮಲಗಿಸಿದರೆ ಉಸಿರು ಕಟ್ಟುತ್ತದಲ್ಲ. ಶಿಪ್ರಾಳ ಹೆಗಲಿಗೆ ನೆಟ್ಟಗೆ ಒರಗಿಸಿ, ಅವಳ ಕೈಯನ್ನು ತಾನೇ ಹಿಡಿದು ಮಗುವಿನ ಬೆನ್ನಿಗೆ ಹೊಂದಿಸಿಟ್ಟಳು. "ಹೀಗೆ ಹಿಡ್ಕೋಮ್ಮ. ಕತ್ತು ಜಾರಬಾರ್ದು." ಬುಬಾಯಿ ಎಚ್ಚೆತ್ತು ಕಿರುಚತೊಡಗಿದ. ಅವಳು ಹಿತ್ತಲಿಗೆ ಹೋದಳು.

"ಗೊತ್ತಿತ್ತು ನಂಗೆ!" ಅಂದಳು ಸರಯೂಬಾಲಾ. ಅವಳಿಗೆ ಗೊತ್ತಿದ್ದದ್ದು ಏನೆಂದು ನನಗೆ ಗೊತ್ತಿತ್ತು.

ಬಾವಿಯ ಕಟ್ಟೆಯ ಹತ್ತಿರ ನಿಭಾಳ ತೋಳು ಹಿಡಿದು ಅಲುಗಿಸಿದೆ. "ಹುಚ್ಚು ಹಿಡಿದಿದ್ಯಾ ನಿಂಗೆ? ಈಗ್ಲೇ ಹೋಗಿ ನಿಜ ಹೇಳ್ತೀನಿ."

"ನನ್ನಾಣೆ ದಿದಿ, ಹೇಳಿದ್ರೆ ನನ್ನ ಹೆಣ ನೋಡ್ತೀಯ" ಅಂದಳು. "ಮೀನಿನ ತಲೆಗೇ ರಾಣೂನ ಅಷ್ಟು ದಿನ ತವರಲ್ಲಿ ಕೂರಿಸಿದೋನು. ಹತ್ತು ಜನರೆದುರು ಡಾಕ್ಟರ ಬಾಯಲ್ಲಿ ಬೈಸಿದ್ರೆ ಸುಮ್ನೆ ಬಿಡ್ತಾನಾ? ಅವಳನ್ನೂ ನಾನೇ ಕಣೇ ಎತ್ತಿ ಆಡಿಸಿದ್ದು. ಕಾಶಿಗೆ ಕರ್ಕೊಂಡು ಹೋಗಿದ್ದೆ, ಇಷ್ಟೇ ಇದ್ಲು."

ರಾಣು ಅಡುಗೆಮನೆಯ ಕಿಟಕಿಯಿಂದ ನಮ್ಮನ್ನು ನೋಡಿದಳು. ಹೊರಗೆ ಬರಲಿಲ್ಲ. ಅಳಿಯನ ಸ್ಟೂ ಬಿಸಿ ಮಾಡುವುದಿತ್ತು.

ಬುಬಾಯಿ ಗುಣವಾದ. ಕೋಲ್ಕತ್ತಕ್ಕೆ ಮರಳಿದ ಮೇಲೆ ನಿಭಾಳ ಹಾಸಿಗೆ ತಾರಸಿಯ ಮೇಲಿನ ಒಂಟಿ ಕೋಣೆಗೆ ಹೋಯಿತು. ಅಡುಗೆ ಮಾತ್ರ ಅವಳೇ ಮಾಡಬೇಕು. ಅವಳ ಕೆಮ್ಮು ಅನ್ನಕ್ಕೆ, ಸಾರಿಗೆ ತಗಲುವುದಿಲ್ಲವೆಂದು ಕಾಣುತ್ತದೆ. ಶಿಪ್ರಾ ಒಮ್ಮೊಮ್ಮೆ ಮೆಟ್ಟಿಲ ಬುಡದಲ್ಲಿ ಮಗುವನ್ನೆತ್ತಿಕೊಂಡು ನಿಂತು ಮೇಲೆ ನೋಡುವುದನ್ನು ಕಂಡಿದ್ದೇನೆ. ಹತ್ತಲಿಲ್ಲ.

ಒಂದು ಮಾಘಕ್ಕೆ ಚಳಿ ಮುಗಿಯುವುದಿಲ್ಲ ಎಂದು ನಮ್ಮಲ್ಲೊಂದು ಮಾತಿದೆ. ಇರಲಿ, ನನಗೂ ಒಂದು ದಿನ ಬರುತ್ತದೆ ಎಂದು ಹಲ್ಲು ಕಡಿಯುವವರು ಆಡುವ ಮಾತು. ನಿಭಾಳ ಪರವಾಗಿ ನಾನೇ ಹಲ್ಲು ಕಡಿಯುತ್ತ ಆ ಮುಂದಿನ ಮಾಘಕ್ಕೆ ಕಾದೆ. ಬಂತು. ಎಲ್ಲರೂ ಪುರಿಗೆ ಹೊರಟರು. ನಿಭಾ ಬರುತ್ತಾಳೆಯೇ ಎಂದು ಯಾರೂ ಕೇಳಲಿಲ್ಲ. ಬುಬಾಯಿ ಆಗಲೇ ನಡೆಯುತ್ತಿದ್ದ, ನಾಲ್ಕಾರು ಮಾತೂ ಕಲಿತಿದ್ದ. ನಿಭಾ ಹೊಸ ಟೋಪಿ ಹೆಣೆದು ತಂದು, ಮೆಟ್ಟಿಲ ತಿರುವಿನಲ್ಲಿ ನಿಂತಳು. ಕೆಳಗೆ ಇಳಿಯಲಿಲ್ಲ.

ಸರಯೂಬಾಲಾ ಮೊಮ್ಮಗನನ್ನು ಮುಂದೆ ನಿಲ್ಲಿಸಿ, "ಬುಬಾಯಿ, ಪಿಶಿ ಬಂದ್ರೆ ಏನ್ ಮಾಡ್ಬೇಕು? ತೋರ್ಸು, ತೋರ್ಸು" ಅಂದಳು.

ಅವನು ತಟ್ಟನೆ ಎರಡೂ ಪುಟ್ಟ ಅಂಗೈಗಳಿಂದ ಮೂಗು ಬಾಯಿ ಮುಚ್ಚಿಕೊಂಡ. ಎಲ್ಲರೂ ಗೊಳ್ಳೆಂದು ನಕ್ಕರು. ನಿಭಾಳೂ ನಕ್ಕಳು. "ಅಬ್ಬಾ, ಎಂಥ ಜಾಣ!" ಅಂದಳು.

ಬಾಗಿಲಲ್ಲಿ ಟ್ಯಾಕ್ಸಿ ನಿಂತಿತು. ಪ್ರತುಲ್‌ಬಾಬು ಎರಡು ಸಲ ಸೀನಿ, "ಎಲ್ಲಿ ನಮ್ಮ ರಾಜ?" ಎಂದು ತೋಳು ಚಾಚಿ ಒಳಗೆ ಬಂದರು. ಬುಬಾಯಿ ಮುಖದ ಮೇಲಿನ ಕೈ ತೆಗೆದು ಓಡಿಹೋಗಿ ಅವರ ಕತ್ತಿಗೆ ಜೋತುಬಿದ್ದ. ಅವರು ಎರಡೂ ಕೆನ್ನೆಗೆ ಮುತ್ತಿಟ್ಟರು.

ನಿಭಾ ಟೋಪಿಯನ್ನು ಮೆಟ್ಟಿಲ ಮೇಲಿಟ್ಟು, ಸೆರಗನ್ನು ಬಾಯಿಗೆ ತುರುಕಿಕೊಂಡು ಮೇಲೆ ಹೋದಳು. ಟ್ಯಾಕ್ಸಿ ಗಲ್ಲಿ ದಾಟುವ ತನಕ ಅವಳು ಕೆಮ್ಮಲಿಲ್ಲ.